ಊರೇ ಉಡುಗೊರೆ

ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಇಂಥ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ: 'ಮಗುವಿಗೆ ಏನು ಕೊಡಿಸೋಣ?' ಹಿಂದೆ ಕೈಗಡಿಯಾರ, ಸೈಕಲ್ಲು ಎನ್ನುತ್ತಿದ್ದರು. ಈಗ ಮೊಬೈಲು, ಲ್ಯಾಪ್‌ಟಾಪು. ಅದರ ಬೆನ್ನಿಗೇ ಒಂದು ಷರತ್ತೂ ಸೇರಿಕೊಳ್ಳುತ್ತದೆ: 'ತೊಂಬತ್ತರ ಮೇಲೆ ಬಂದರೆ!' ಷರತ್ತು ಸೇರಿದ ಕೂಡಲೇ ಉಡುಗೊರೆ ಕೂಲಿಯಾಗಿಬಿಡುತ್ತದೆ. ಅಂಕ ಕಡಿಮೆ ಬಂದ ಮಗುವಿಗಂತೂ ಅದು ಕೊನೆಗೆ ಬೈಗುಳವಾಗಿಯೇ ತಲಪುತ್ತದೆ.

ಫಲಿತಾಂಶ ಬರುವುದಕ್ಕೆ ಮೊದಲೇ ಕೊಡಬಹುದಾದ, ಯಾವ ಅಂಗಡಿಯಲ್ಲೂ ಸಿಗದ ಒಂದು ಉಡುಗೊರೆಯಿದೆ. ಅದಕ್ಕೆ ಬೇಕಾದದ್ದು ಹತ್ತಾರು ಕಾರ್ಡುಗಳು, ಒಂದು ನಿಂಬೆಹಣ್ಣು, ಅಂಕಿ ತಿರುಗಿಸಿ ತೆರೆಯುವ ಒಂದು ಬೀಗ ಮತ್ತು ಎರಡು ಮೂರು ವಾರಗಳ ಬಿಡುವಿನ ಸಂಜೆಗಳು. ಸ್ವಂತ ಊರನ್ನೇ ಆಟದ ಅಂಗಳವಾಗಿಸಿ, ಒಬ್ಬರಿಗೆಂದೇ ಹೆಣೆದ ನಿಧಿ ಶೋಧ ಅದು. ಶಾಲೆಗಳ ವಾರ್ಷಿಕೋತ್ಸವದಲ್ಲಿ 'ಟ್ರೆಷರ್ ಹಂಟ್' ಎಂಬ ಹೆಸರಿನಲ್ಲಿ ನಡೆಯುವ ಆಟವೇ. ಅಲ್ಲಿ ಮೂವತ್ತು ಮಕ್ಕಳು ಒಂದೇ ಸುಳಿವಿನ ಹಿಂದೆ ಓಡುತ್ತಾರೆ; ಇಲ್ಲಿ ಇಡೀ ಊರು ಒಂದು ಮಗುವಿನ ಹೆಸರು ಹಿಡಿದು ಕರೆಯುತ್ತದೆ.

ನಿಧಿ ಎಂಬ ಮಾತಿಗೆ ನಮ್ಮಲ್ಲಿ ಅಷ್ಟು ಒಳ್ಳೆಯ ಹೆಸರಿಲ್ಲ. ನಿಧಿಯ ಆಸೆಗೆ ಹಾಳುಬಿದ್ದ ಗುಡಿಗಳ ನೆಲ ಅಗೆದವರ, ವೀರಗಲ್ಲು ಕಿತ್ತವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದು ಬ್ರಿಟಿಷರ ಕಾಲದ 1878ರ ಕಾಯ್ದೆಯೇ ವಿಧಿಸಿತ್ತು. ಈ ಆಟದಲ್ಲಿ ಹಾರೆ ಗುದ್ದಲಿಗೆ ಕೆಲಸವಿಲ್ಲ. ಅಗೆಯಬೇಕಾದದ್ದು ನೆನಪನ್ನು ಮಾತ್ರ.

ಚಿನ್ನದ ಮೊಲದ ಕಥೆ

ಈ ಬಗೆಯ ಆಟಕ್ಕೆ ಹಳೆಯ ಇತಿಹಾಸವಿದೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ದುರ್ಗಮವಾದ ಕ್ರ್ಯಾನ್‌ಮಿಯರ್ ಕೊಳದ ಬಳಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಅದೇ ಮುಂದೆ 'ಲೆಟರ್‌ಬಾಕ್ಸಿಂಗ್' ಎಂಬ ಹವ್ಯಾಸವಾಯಿತು. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕವು ಜಿಪಿಎಸ್ ಉಪಗ್ರಹ ಸಂಕೇತದಲ್ಲಿ ಸಾರ್ವಜನಿಕರಿಗೆಂದು ಬೇಕೆಂದೇ ಬೆರೆಸಿದ್ದ ದೋಷವನ್ನು ತೆಗೆದುಹಾಕಿತು. ಮಾರನೆಯ ದಿನವೇ ಆರೆಗನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬಾತ ಒಂದು ಬಕೆಟ್ಟಿನಲ್ಲಿ ವಸ್ತುಗಳನ್ನಿಟ್ಟು, ಅದಿರುವ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಹಾಗೆ ಹುಟ್ಟಿದ್ದು 'ಜಿಯೋಕ್ಯಾಶಿಂಗ್'.

ಇವೆಲ್ಲಕ್ಕಿಂತ ಪ್ರಸಿದ್ಧವಾದದ್ದು ಚಿತ್ರಕಾರ ಕಿಟ್ ವಿಲಿಯಮ್ಸ್ 1979ರಲ್ಲಿ ಪ್ರಕಟಿಸಿದ 'ಮಾಸ್ಕರೇಡ್' ಪುಸ್ತಕ. ಅದರ 15 ಚಿತ್ರಗಳಲ್ಲಿ ಸುಳಿವುಗಳನ್ನು ಅಡಗಿಸಿ, ತಾನೇ ಮಾಡಿದ ಚಿನ್ನದ ಮೊಲವೊಂದನ್ನು ಆತ ಇಂಗ್ಲೆಂಡಿನಲ್ಲೆಲ್ಲೋ ಹೂತಿಟ್ಟಿದ್ದ. ಜನ ಹುಚ್ಚೆದ್ದು ಸಿಕ್ಕ ಸಿಕ್ಕ ಕಡೆ ಅಗೆದರು. ಉತ್ತರ ಇದ್ದದ್ದು ವಿಜ್ಞಾನದ ಪಾಠದೊಳಗೆ. ಆಂಪ್ಟ್‌ಹಿಲ್ ಎಂಬ ಊರಿನ ಉದ್ಯಾನದಲ್ಲಿ ಒಂದು ಸ್ಮಾರಕ ಶಿಲುಬೆಯಿದೆ. ಹಗಲೂ ರಾತ್ರಿಯೂ ಸಮವಾಗುವ ವಿಷುವದ ದಿನ ಮಧ್ಯಾಹ್ನ ಅದರ ನೆರಳಿನ ತುದಿ ಬೀಳುವಲ್ಲಿ ಮೊಲವಿತ್ತು. ಇದನ್ನು ಸರಿಯಾಗಿ ಬಿಡಿಸಿದವರು ಇಬ್ಬರು ಭೌತಶಾಸ್ತ್ರದ ಅಧ್ಯಾಪಕರು. ಆದರೆ 1982ರಲ್ಲಿ ಮೊಲ ಸಿಕ್ಕಿದ್ದು ಬೇರೊಬ್ಬನಿಗೆ. ಅವನು ಒಗಟನ್ನು ಬಿಡಿಸಿಯೇ ಇರಲಿಲ್ಲ, ಬಳಸುದಾರಿಯಲ್ಲಿ ಮಾಹಿತಿ ಪಡೆದಿದ್ದ ಎಂಬುದು 1988ರಲ್ಲಿ ಬಯಲಾಯಿತು.

ಬಹುಮಾನ ಚಿನ್ನವಾದರೆ, ಆಡುವವರು ಲಕ್ಷವಾದರೆ, ಆಟ ಹೀಗೂ ಕೆಡಬಹುದು. ಒಬ್ಬರಿಗಾಗಿಯೇ ಮಾಡಿದ ಒಗಟಿನಲ್ಲಿ ಆ ಭಯವಿಲ್ಲ. ಅದರ ಉತ್ತರ ಬೇರೆ ಯಾರಿಗೂ ಬೆಲೆಬಾಳುವುದಿಲ್ಲ.

ಹಾಗೆಂದು ಆ ನೆರಳಿನ ಉಪಾಯವನ್ನು ಇದ್ದಂತೆಯೇ ಇಲ್ಲಿಗೆ ತರುವಂತಿಲ್ಲ. ಆಂಪ್ಟ್‌ಹಿಲ್ ಇರುವುದು ಸುಮಾರು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವಿಷುವದ ದಿನ ಅಲ್ಲಿ ಕಂಬದ ಮಧ್ಯಾಹ್ನದ ನೆರಳು ಕಂಬಕ್ಕಿಂತಲೂ ಉದ್ದ. ಮೈಸೂರು ಇರುವುದು ಸುಮಾರು 12.3 ಡಿಗ್ರಿಯಲ್ಲಿ. ಇಲ್ಲಿ ಅದೇ ದಿನ ನೆರಳು ಕಂಬದ ಎತ್ತರದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಏಪ್ರಿಲ್ 22-23ರ ಸುಮಾರಿಗಂತೂ ಸೂರ್ಯ ನೆತ್ತಿಯ ಮೇಲೇ ಬರುವುದರಿಂದ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ! ಅದೂ ಕೈಗಡಿಯಾರದ 12 ಗಂಟೆಗಲ್ಲ, ಸುಮಾರು 12 ಗಂಟೆ 22 ನಿಮಿಷಕ್ಕೆ. ಭಾರತದ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಸಮಯ ತೋರಿಸುತ್ತವೆ. ಮೈಸೂರು ಅದಕ್ಕಿಂತ ಆರು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಈ ವ್ಯತ್ಯಾಸ ಮಕ್ಕಳಿಗೇ ಹೊಳೆಯುತ್ತದೆ. ಸುಳಿವು ಹೆಣೆಯುವವರು ತಮ್ಮ ಊರಿನ ಬಿಸಿಲನ್ನು ತಾವೇ ನೋಡಬೇಕು.

ಮೊದಲ ಪರೀಕ್ಷೆ ಹೆತ್ತವರಿಗೆ

ಸುಳಿವು ಬರೆಯಲು ಕೂತ ತಂದೆ-ತಾಯಿಗೆ ಮೊದಲು ಎದುರಾಗುವ ತೊಡಕು ಊರಿನದಲ್ಲ, ಮಗುವಿನದು. ಇಂದಿನ ಮಕ್ಕಳ ಕೈಯಲ್ಲಿ ಅಂತರ್ಜಾಲವಿದೆ. 'ಅರಮನೆ ಕಟ್ಟಿಸಿದ ವರ್ಷ ಯಾವುದು' ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ, ಆಟ ಮುಗಿಯುತ್ತದೆ. ಫೋನಿಗೆ ಗೊತ್ತಿಲ್ಲದ ಪ್ರಶ್ನೆಯೇ ಇಲ್ಲಿ ಒಳ್ಳೆಯ ಪ್ರಶ್ನೆ. ಮೊದಲ ಸಲ ಸೈಕಲ್ಲಿನಿಂದ ಬಿದ್ದದ್ದು ಯಾವ ತಿರುವಿನಲ್ಲಿ? ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದು ಕೂತದ್ದು ಯಾರ ಅಂಗಡಿಯ ಮೆಟ್ಟಿಲ ಮೇಲೆ? ತಾತನ ಕೈಹಿಡಿದು ಪೆಪ್ಪರಮೆಂಟು ಕೊಂಡದ್ದು ಎಲ್ಲಿ?

ಒಂದು ಹಾಳೆ ತೆಗೆದುಕೊಂಡು ಇಂಥ ಹತ್ತು ಸಂಗತಿಗಳನ್ನು ಬರೆಯಲು ಹೊರಟರೆ ಐದನೆಯದಕ್ಕೇ ಪೆನ್ನು ನಿಲ್ಲಬಹುದು. ಅಂಕಪಟ್ಟಿಯ ಅಂಕಿಗಳೆಲ್ಲ ಬಾಯಿಗೆ ಬರುತ್ತವೆ. ಮಗಳಿಗೆ ಈಚೆಗೆ ಯಾವ ಹಾಡು ಇಷ್ಟ, ಯಾವ ರಸ್ತೆಯೆಂದರೆ ಭಯ ಎಂಬುದು ಗೊತ್ತಿರುವುದಿಲ್ಲ. ಆಗ ಅಜ್ಜಿಯನ್ನು ಕೇಳಬೇಕು, ಗೆಳತಿಯರನ್ನು ಗುಟ್ಟಾಗಿ ವಿಚಾರಿಸಬೇಕು, ಹಳೆಯ ಫೋಟೋಗಳನ್ನು ತೆಗೆಯಬೇಕು. ಈ ಆಟದ ಅರ್ಧ ಫಲ ಈ ಹಂತದಲ್ಲೇ ದಕ್ಕುತ್ತದೆ.

ಮೈಸೂರಿನ ಒಂದು ಮುಂಜಾನೆ

ಮಾದರಿಗಾಗಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಹದಿನಾರರ ಹುಡುಗಿ. ಜೂನ್ ತಿಂಗಳಲ್ಲಿ ಬೇರೆ ಊರಿನ ಹಾಸ್ಟೆಲಿಗೆ ಹೊರಡುವವಳು. ಹತ್ತು ವರ್ಷ ಶಾಲೆಯ ವ್ಯಾನಿನ ಕಿಟಕಿಯಿಂದ ನೋಡಿದ್ದೇ ಅವಳ ಊರು. ಬಿಟ್ಟುಹೋಗುವ ಮೊದಲು ಒಮ್ಮೆ ಅದನ್ನು ಕಾಲಿನಿಂದ ನೋಡಲಿ ಎಂಬುದು ಅಪ್ಪ-ಅಮ್ಮನ ಆಸೆ.

ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಕೆಳಗೆ ಒಂದು ಖಾಲಿ ಕಾರ್ಡು. ನಿಂಬೆರಸದಲ್ಲಿ ಬರೆದು ಒಣಗಿಸಿದ್ದು. ಕಾವು ತಗುಲಿದರೆ ಕಾಗದಕ್ಕಿಂತ ಮೊದಲು ರಸದಲ್ಲಿರುವ ಇಂಗಾಲದ ಸಂಯುಕ್ತಗಳು ಕಂದಾಗಿ ಅಕ್ಷರ ಮೂಡುತ್ತದೆ. ಹಿಂದೆ ಉರಿಯುವ ಬಲ್ಬಿನ ಹತ್ತಿರ ಹಿಡಿದರೆ ಸಾಕಿತ್ತು. ಈಗಿನ ಎಲ್‌ಇಡಿ ದೀಪಕ್ಕೆ ಅಷ್ಟು ಕಾವಿಲ್ಲ. ಅಪ್ಪ ನಿಂತು ಇಸ್ತ್ರಿಪೆಟ್ಟಿಗೆ ಒತ್ತಿಕೊಡಬೇಕು. ಆಗ ಸಾಲು ಕಾಣುತ್ತದೆ: 'ಹನ್ನೆರಡು ಮಂದಿ ಸುತ್ತ ಕೂತಿದ್ದಾರೆ. ಒಬ್ಬರಿಗೂ ಇಂಗ್ಲಿಷ್ ಬಾರದು. ಇಬ್ಬರು ಹಗಲಿರುಳೂ ಅವರನ್ನು ಸುತ್ತುತ್ತಾರೆ.'

ಅರಮನೆಯ ಉತ್ತರ ದಿಕ್ಕಿನ ದೊಡ್ಡ ಗಡಿಯಾರದ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳಿಗೆ ೬ ಮತ್ತು ೯ರ ನಡುವೆ ಗೊಂದಲ. 75 ಅಡಿ ಎತ್ತರದ ಈ ಗೋಪುರವನ್ನು ಕಟ್ಟಿಸಿದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಅಲ್ಲಿ ಚಿಕ್ಕಪ್ಪ ನಿಂತಿರುತ್ತಾರೆ. ಅವರ ಕೈಯ ಕಾರ್ಡಿನಲ್ಲಿ: 'ಈ ಗೋಪುರದ ವರ್ಷದಿಂದ 43 ಕಳೆ. ಆ ವರ್ಷದ ಕಟ್ಟಡ ಪಕ್ಕದಲ್ಲೇ ಇದೆ.' ಉತ್ತರ 1884, ರಂಗಾಚಾರ್ಲು ಸ್ಮಾರಕ ಪುರಭವನ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನರ ಹೆಸರು ಅದು. ಪಠ್ಯಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿದ್ದ ಹೆಸರು ಅಲ್ಲಿ ಕಲ್ಲು ಗಾರೆಯಾಗಿ ನಿಂತಿದೆ.

ಮುಂದಿನ ಸುಳಿವು: 'ತಂದೆಯಿಂದ ಮಗನವರೆಗೆ ನಡೆ. ಹೆಜ್ಜೆ ಎಣಿಸು.' ಚಾಮರಾಜ ವೃತ್ತದಲ್ಲಿರುವುದು ಹತ್ತನೆಯ ಚಾಮರಾಜೇಂದ್ರ ಒಡೆಯರ ಪ್ರತಿಮೆ. ಅಲ್ಲಿಂದ ಕೂಗಳತೆಯಲ್ಲಿರುವ ಕೃಷ್ಣರಾಜ ವೃತ್ತದಲ್ಲಿ ಮಗ ನಾಲ್ವಡಿಯವರು. ಹತ್ತು ಹೆಜ್ಜೆಗೆ ಎಷ್ಟು ಮೀಟರ್ ಎಂದು ಹಿಂದಿನ ದಿನವೇ ಮನೆಯ ಮುಂದೆ ಏನೋ ನೆಪ ಹೇಳಿ ಅಳೆಸಿಟ್ಟಿದ್ದರೆ, ದೂರದ ಲೆಕ್ಕ ಅವಳೇ ಹಾಕುತ್ತಾಳೆ. ಆ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಬೇಕು.

ಮೂರನೆಯ ಸುಳಿವಿನಲ್ಲಿ ಅಕ್ಷರವೇ ಇಲ್ಲ. ಕವರಿನೊಳಗೆ ಒಣಗಿದ ನಾಲ್ಕು ಮಲ್ಲಿಗೆ ಹೂವು, ಒಂದು ವೀಳ್ಯದೆಲೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಎರಡೂ ಭೌಗೋಳಿಕ ಗುರುತಿನ ಮಾನ್ಯತೆ ಪಡೆದವು. ಮೂಗಿಗೆ ಹಿಡಿದರೆ ಕಾಲು ತಾನಾಗಿ ದೇವರಾಜ ಮಾರುಕಟ್ಟೆಯ ಕಡೆ ತಿರುಗುತ್ತದೆ. ಅಮ್ಮ ಹದಿನೈದು ವರ್ಷದಿಂದ ಹೂ ಕೊಳ್ಳುವ ಹೂವಾಡಗಿತ್ತಿ ಅಲ್ಲಿದ್ದಾಳೆ. 'ಮೊಳ ಎಂದರೆ ಎಷ್ಟು, ತೋರಿಸಿ ತಗೋ' ಎಂದು ಅವಳು ಕೈ ಚಾಚಿ ಕೇಳಿದ ಮೇಲೆಯೇ ಬಾಳೆಲೆಯ ಪೊಟ್ಟಣದೊಳಗಿನ ಮುಂದಿನ ಚೀಟಿ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಹೂವಾಡಗಿತ್ತಿಯ ಮೊಳ, ಹುಡುಗಿಯ ಮೊಳ ಒಂದೇ ಅಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಮೀಟರಿನಂಥ ಪ್ರಮಾಣಿತ ಅಳತೆ ಏಕೆ ಬೇಕಾಯಿತೆಂದು ಬೇರೆ ಪಾಠ ಮಾಡಬೇಕಿಲ್ಲ.

ಮಾರುಕಟ್ಟೆಯ ಎದುರಿಗೇ ಚಿಕ್ಕ ಗಡಿಯಾರ. ವೈಸರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ 1886ರಲ್ಲಿ ಕಟ್ಟಿದ್ದು. ಅದರ ಕೆಳಗೆ ನಿಂತು ಚೀಟಿ ಬಿಡಿಸಿದರೆ ಇರುವುದು ಒಂದೇ ಸಾಲು: 'ನೀನು ಅತ್ತಾಗ ನಾವೆಲ್ಲ ನಕ್ಕದ್ದು ಒಂದೇ ಒಂದು ಸಲ. ಎಲ್ಲಿ?'

ಇದು ಯಾವ ಫೋನಿಗೂ ಗೊತ್ತಿಲ್ಲ. ಮೈಸೂರಿನ ಸಾವಿರಾರು ಮಂದಿಯಂತೆ ಅವಳೂ ಹುಟ್ಟಿದ್ದು ಚೆಲುವಾಂಬ ಆಸ್ಪತ್ರೆಯಲ್ಲಿ. ಒಳಗೆ ಹೋಗುವಂತಿಲ್ಲ, ಹೋಗಲೂ ಬಾರದು. ಹೊರಗಿನ ಮರದ ನೆರಳಿನಲ್ಲಿ ಅಜ್ಜಿ ಟಿಫನ್ ಡಬ್ಬಿ ಹಿಡಿದು ಕಾದಿದ್ದಾರೆ. ಆ ರಾತ್ರಿ ಮಳೆಯಿತ್ತೋ ಬಿಸಿಲ ಬೇಗೆಯಿತ್ತೋ, ಆಟೋ ಸಿಕ್ಕಿತೋ ಇಲ್ಲವೋ, ಅಪ್ಪ ಎಷ್ಟು ಸಲ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಿದ, ಸುದ್ದಿ ಕೇಳಿ ಯಾರು ಮೊದಲು ಅತ್ತರು ಎಂಬುದನ್ನೆಲ್ಲ ಅಜ್ಜಿ ಹೇಳಬೇಕು. ಇಲ್ಲಿ ಗಡಿಯಾರ ನೋಡಬಾರದು. ಇಡೀ ಆಟ ಇರುವುದೇ ಈ ಅರ್ಧ ಗಂಟೆಗಾಗಿ ಎಂದರೂ ಸಲ್ಲುತ್ತದೆ.

ಬೀಗದ ಅಂಕಿ

ಕೊನೆಯ ನಿಲುಗಡೆ ರೈಲು ನಿಲ್ದಾಣದ ಪಕ್ಕದ ರೈಲ್ವೆ ವಸ್ತುಸಂಗ್ರಹಾಲಯ. 1979ರಲ್ಲಿ ಆರಂಭವಾದ ಇಲ್ಲಿ ಹಳೆಯ ಉಗಿಯಂತ್ರಗಳೂ ಮಹಾರಾಣಿಯವರ ಸಲೂನ್ ಬೋಗಿಯೂ ಇವೆ. ಜೂನ್‌ನಲ್ಲಿ ಅವಳು ಹೊರಡುವುದೂ ಪಕ್ಕದ ಪ್ಲಾಟ್‌ಫಾರ್ಮಿನಿಂದಲೇ. ಉಗಿಯಂತ್ರದ ಬಳಿ ಅಪ್ಪ-ಅಮ್ಮ ಒಂದು ಪೆಟ್ಟಿಗೆಯೊಂದಿಗೆ ಕೂತಿದ್ದಾರೆ. ಬೀಗಕ್ಕೆ ಮೂರು ಅಂಕಿ ಬೇಕು. ಸುಳಿವು: 'ನಿನ್ನ ಊರಿನ ಹೆಸರೇ ಬೀಗದ ಕೈ.'

ಇದಕ್ಕೆ ನಮ್ಮಲ್ಲೇ ಒಂದು ಸೊಗಸಾದ ವಿಧಾನವಿದೆ, ಕಟಪಯಾದಿ. ಕ, ಟ, ಪ, ಯ ಈ ನಾಲ್ಕು ಅಕ್ಷರಗಳಿಂದ 1, 2, 3 ಎಂದು ಎಣಿಸುತ್ತ ಹೋಗಬೇಕು. ಕ ಖ ಗ ಘ 1, 2, 3, 4. ಪ ಫ ಬ ಭ ಮ 1ರಿಂದ 5. ಯ ರ ಲ ವ ಶ ಷ ಸ ಹ 1ರಿಂದ 8. ಸ್ವರಗಳಿಗೆ ಲೆಕ್ಕವಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಸಂಖ್ಯೆ ಅವುಗಳ ಹೆಸರಿನಲ್ಲೇ ಅಡಗಿರುವುದು ಹೀಗೆ. ಸಂಗೀತ ಕಲಿಯುವ ಮಕ್ಕಳು ಮೊದಲು ಹಾಡುವ ಮಾಯಾಮಾಳವಗೌಳದಲ್ಲಿ ಮ 5, ಯ 1. ತಿರುಗಿಸಿದರೆ 15, ಹದಿನೈದನೆಯ ಮೇಳ. ಹಾಗೆಯೇ ಮೈಸೂರು: ಮ 5, ಸ 7, ರ 2. ತಿರುಗಿಸಿದರೆ 275. ಬೀಗ ತೆರೆಯುತ್ತದೆ.

ಕನ್ನಡಿಗರಿಗೆ ಅಂಕಿ ಅಕ್ಷರಗಳ ಈ ಕಣ್ಣಾಮುಚ್ಚಾಲೆ ಹೊಸದೇನಲ್ಲ. ಕುಮುದೇಂದು ಮುನಿಯ ಸಿರಿಭೂವಲಯ ಇರುವುದೇ 1ರಿಂದ 64ರವರೆಗಿನ ಅಂಕಿಗಳಲ್ಲಿ. 27 ಸಾಲು, 27 ಕಂಬ, ಒಟ್ಟು 729 ಮನೆಗಳ ಚಕ್ರಗಳು ಅದರ ಪುಟಗಳು.

ಪೆಟ್ಟಿಗೆಯಲ್ಲಿ ಏನಿರಬೇಕು? ಬೆಲೆಬಾಳುವ ವಸ್ತು ಇಟ್ಟರೆ ಹಿಂದಿನ ಮೂರು ಗಂಟೆ ಮರೆತುಹೋಗುತ್ತದೆ. ಆ ದಿನ ನಡೆದ ದಾರಿಯ ಕೈಬರಹದ ನಕ್ಷೆ ಇರಲಿ. 'ತಂದೆಯಿಂದ ಮಗನವರೆಗೆ' ಎಂಬಲ್ಲಿ ದೂರ ಬರೆಯಲು ಖಾಲಿ ಜಾಗ ಬಿಟ್ಟಿರಲಿ, ಅವಳೇ ತುಂಬಲಿ. ಅಪ್ಪ-ಅಮ್ಮನ ಒಂದು ಪತ್ರವಿರಲಿ. ಜೊತೆಗೆ ಮನೆಯ ಮುಂಬಾಗಿಲಿನ ಒಂದು ನಕಲಿ ಕೀಲಿ ಕೈ. ಹಾಸ್ಟೆಲಿಗೆ ಹೋಗುವವಳಿಗೆ, ಅಂಕ ಎಷ್ಟೇ ಬರಲಿ, ಯಾವ ಹೊತ್ತಿಗೆ ಬಂದರೂ ಬಾಗಿಲು ತನ್ನದೇ ಎಂದು ಗೊತ್ತಿದ್ದರೆ ಸಾಕು.

ದೀಪಾವಳಿಯ ಸರಮಾಲೆ

ಯೋಜನೆ ಹಾಕುವವರು ವಿದ್ಯುತ್ತಿನ ಒಂದು ಪಾಠ ನೆನಪಿಡಬೇಕು. ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸರ ಕತ್ತಲು. ಅದು ಸರಣಿ ಜೋಡಣೆಯ ದೋಷ. ಸುಳಿವುಗಳೂ ಹಾಗೆಯೇ. ಒಂದು ಹೊಳೆಯದಿದ್ದರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಆದ್ದರಿಂದ ಪ್ರತಿ ಸುಳಿವಿಗೂ ಅಂಟಿಸಿದ ಒಂದು 'ಸಹಾಯದ ಕವರು' ಕೊಟ್ಟಿರಬೇಕು. ಹತ್ತು ನಿಮಿಷ ಯೋಚಿಸಿಯೂ ಆಗದಿದ್ದರೆ ಒಡೆಯಬಹುದು, ಅಂಕ ಕಡಿತವಿಲ್ಲ! ಬರೆದವರಿಗೆ ಸುಲಭವೆನಿಸಿದ ಸುಳಿವು ಬಿಡಿಸುವವರಿಗೆ ಕಷ್ಟವಾಗುವುದೇ ಹೆಚ್ಚು. ಪಕ್ಕದ ಮನೆಯ ಸಮವಯಸ್ಕರಿಗೆ ಮೊದಲೇ ಕೊಟ್ಟು ನೋಡುವುದು ಒಳ್ಳೆಯದು. ದಾರಿಯನ್ನೂ ಅದೇ ವಾರ, ಅದೇ ಹೊತ್ತಿನಲ್ಲಿ ಒಮ್ಮೆ ನಡೆದು ನೋಡಬೇಕು. ವಸ್ತುಸಂಗ್ರಹಾಲಯದ ರಜೆಯ ದಿನ, ದುರಸ್ತಿಗಾಗಿ ಮುಚ್ಚಿದ ರಸ್ತೆ ಇವೆಲ್ಲ ಆಗಲೇ ತಿಳಿಯುತ್ತವೆ.

ಇನ್ನು ಕೆಲವು ಎಚ್ಚರಿಕೆಗಳು. ಸಾರ್ವಜನಿಕ ಸ್ಥಳದಲ್ಲಿ ಪೊಟ್ಟಣ, ಚೀಲ ಬಿಟ್ಟುಬರಬಾರದು. ವಾರಸುದಾರರಿಲ್ಲದ ಚೀಲ ಕಂಡರೆ ಪೊಲೀಸರು ಬರುತ್ತಾರೆ, ಬರಲೇಬೇಕು. ಸ್ಮಾರಕದ ಗೋಡೆಗೆ ಚೀಟಿ ಅಂಟಿಸುವುದು, ಸಂದಿಯಲ್ಲಿ ತುರುಕುವುದು ಬೇಡ. ಸುಳಿವು ಪರಿಚಿತರ ಕೈಯಲ್ಲೇ ಇರಲಿ. ರಸ್ತೆ ದಾಟುವಾಗ ಅವಸರವಾಗದಂತೆ ಸಮಯದ ಮಿತಿ ಇಡಬಾರದು. ಜೊತೆಗೊಬ್ಬ ಗೆಳತಿ ಅಥವಾ ಅಣ್ಣ ಇದ್ದರೆ ಆಟಕ್ಕೂ ಕಳೆ, ಮನೆಯವರಿಗೂ ನೆಮ್ಮದಿ. ಏಪ್ರಿಲ್ ಬಿಸಿಲಾದ್ದರಿಂದ ಎಂಟಕ್ಕೆ ಹೊರಟು ಹನ್ನೊಂದಕ್ಕೆ ಮುಗಿಯುವಂತಿರಲಿ; ನೀರಿನ ಬಾಟಲಿ ಮರೆಯಬಾರದು.

ಊರು ಯಾವುದಾದರೇನು

ಇದಕ್ಕೆ ಮೈಸೂರೇ ಆಗಬೇಕೆಂದಿಲ್ಲ. ಬೆಂಗಳೂರಿನವರಿಗೆ ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಕೆಳಗಿನ ಬಂಡೆಯಿದೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಅದಕ್ಕಿಂತ ಹಿರಿಯ ಸಾಕ್ಷಿ ಎಲ್ಲಿ ಸಿಕ್ಕೀತು? ಧಾರವಾಡದವರಿಗೆ ಬೇಂದ್ರೆಯವರ ಸಾಧನಕೇರಿ, ಚಿತ್ರದುರ್ಗದವರಿಗೆ ಓಬವ್ವನ ಕಿಂಡಿ. ಸಣ್ಣ ಊರಿನವರಿಗೆ ಅರಳಿಕಟ್ಟೆ, ಕೆರೆಯ ಏರಿ, ಟೆಂಟು ಸಿನಿಮಾ ಇದ್ದ ಬಯಲು. ಅಲ್ಲಿ ಸುಳಿವು ಕೊಡುವವರು ಇನ್ನೂ ಸುಲಭವಾಗಿ ಸಿಗುತ್ತಾರೆ, ಎಲ್ಲರೂ ಪರಿಚಿತರೇ.

ದೊಡ್ಡವರೇ ಮಕ್ಕಳಿಗೆ ಮಾಡಬೇಕೆಂಬ ನಿಯಮವೂ ಇಲ್ಲ. ಅಪ್ಪ ನಿವೃತ್ತರಾಗುವ ತಿಂಗಳು, ಅಪ್ಪ-ಅಮ್ಮನ ಮದುವೆಯ ಇಪ್ಪತ್ತೈದನೆಯ ವರ್ಷ, ಊರು ಬಿಟ್ಟು ಮಗನ ಮನೆ ಸೇರಲಿರುವ ಅಜ್ಜಿಯ ಕೊನೆಯ ವಾರ, ಇವು ವಿದ್ಯಾರ್ಥಿಗಳೇ ಸುಳಿವು ಹೆಣೆಯಬೇಕಾದ ಸಂದರ್ಭಗಳು. ಅಪ್ಪ ಓದಿದ ಶಾಲೆ ಯಾವುದು, ಅಮ್ಮ ಮೊದಲ ಸಂಬಳದಲ್ಲಿ ಏನು ಕೊಂಡರು, ಅಜ್ಜಿ ಮದುವೆಯಾಗಿ ಬಂದಾಗ ನೀರು ತರುತ್ತಿದ್ದ ಬಾವಿ ಎಲ್ಲಿತ್ತು? ಉತ್ತರ ಗೊತ್ತಿಲ್ಲದವರು ಇವತ್ತು ರಾತ್ರಿಯ ಊಟದ ಹೊತ್ತಿಗೆ ಕೇಳಿ ತಿಳಿದುಕೊಳ್ಳಬಹುದು. ಏಕೆ ಕೇಳುತ್ತಿದ್ದೀರಿ ಎಂಬುದನ್ನು ಮಾತ್ರ ಹೇಳಬಾರದು.